ಚಳಿಗಾಲದಲ್ಲಿ ಯುರೋಪಿನ ಒಂದೇ ನಗರಕ್ಕೆ ನಾಲ್ಕು ದಿನ ಹೋಗುವುದಾದರೆ ಎಲ್ಲಿಗೆ? ಸಂಗೀತವೂ ಬೇಕು, ಸ್ವಲ್ಪ ಸಾಹಸವೂ ಬೇಕು.

ನನ್ನ ಆಯ್ಕೆ ಹಂಗೇರಿಯ ಬುಡಾಪೆಸ್ಟ್. ಚಳಿಯನ್ನು ಸಹಿಸಿಕೊಳ್ಳುವ ಊರಲ್ಲ ಅದು, ಚಳಿ ಇದ್ದರೇ ಕಳೆಗಟ್ಟುವ ಊರು. ಅಲ್ಲಿನ ಸೆಚೆನಿ ಸ್ನಾನಗೃಹ 1913ರದು. ನೆಲದಾಳದಿಂದ ಬರುವ ಬಿಸಿನೀರು ಬಯಲು ಕೊಳಗಳನ್ನು ತುಂಬುತ್ತದೆ. ಹೊರಗೆ ಸೊನ್ನೆ ಡಿಗ್ರಿ, ಕೊಳದಲ್ಲಿ ಸುಮಾರು 38 ಡಿಗ್ರಿ. ಹಬೆಯ ನಡುವೆ ಕುತ್ತಿಗೆಯವರೆಗೆ ಮುಳುಗಿ ಚದುರಂಗ ಆಡುವ ಅಜ್ಜಂದಿರು ಕಂಡರೆ ಅಚ್ಚರಿಪಡಬೇಡಿ. ಬಟ್ಟೆ ಬದಲಿಸುವ ಕೊಠಡಿಯಿಂದ ಕೊಳದವರೆಗಿನ ಹತ್ತು ಹೆಜ್ಜೆಯೇ ನಿಜವಾದ ಸಾಹಸ ಎಂದು ನನಗೆ ಅನ್ನಿಸುತ್ತದೆ! ಹವಾಯಿ ಚಪ್ಪಲಿ ಮರೆಯಬೇಡಿ.

ಪಕ್ಕದಲ್ಲೇ, 1870ರಲ್ಲಿ ಶುರುವಾದ ಸ್ಕೇಟಿಂಗ್ ಅಂಗಳವಿದೆ. ಅಲ್ಲಿಂದ 1896ರ ಪುಟ್ಟ ಹಳದಿ ಮೆಟ್ರೋ ಹತ್ತಿದರೆ 1884ರ ಒಪೆರಾ ಭವನದ ಎದುರೇ ಇಳಿಯಬಹುದು. ಮೇಲಿನ ಅಂತಸ್ತಿನ ಅಗ್ಗದ ಟಿಕೆಟ್ ಸಾಕು, ಭವನದ ಒಳಾಂಗಣವೇ ಅರ್ಧ ಪ್ರದರ್ಶನ.

ನಗರದ ಬುಡಾ ಭಾಗದ ಬೆಟ್ಟಗಳ ಕೆಳಗೆ ಗುಹೆಗಳಿವೆ. ಪಾಲ್‌ವೋಲ್ಗಿ ಗುಹಾ ವ್ಯವಸ್ಥೆಯಲ್ಲಿ ಮಾರ್ಗದರ್ಶಿಯೊಂದಿಗೆ ಹೆಲ್ಮೆಟ್ ತೊಟ್ಟು ತೆವಳಿಕೊಂಡು ಹೋಗಬಹುದು. ಒಳಗೆ ವರ್ಷವಿಡೀ ಸುಮಾರು 11 ಡಿಗ್ರಿ, ಜನವರಿಯಲ್ಲಿ ಹೊರಗಿಗಿಂತ ಬೆಚ್ಚಗೆ. ಇಕ್ಕಟ್ಟಿಗೆ ಹೆದರುವವರು ಈ ಆಸೆ ಬಿಡುವುದು ಒಳ್ಳೆಯದು.

ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಹಾಗಾಗಿ ಬೆಟ್ಟ, ಕೋಟೆಗಳನ್ನೆಲ್ಲ ಬೆಳಿಗ್ಗೆಯೇ ಮುಗಿಸಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಬೇಕು, ಆದರೆ ಹಣ ಯೂರೋ ಅಲ್ಲ, ಫೋರಿಂಟ್.