ಅದರ ತಪ್ಪಿಲ್ಲ ಅಲ್ವಾ, ಮೇಡಂ?

(ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಅವರನ್ನು ನನ್ನ ಹತ್ತಿರ ಕಳಿಸಿದ್ದು ನಾಯಿ ಕಡಿತಕ್ಕೆ ಇಂಜೆಕ್ಷನ್ ಕೊಡುವ ಸಿಸ್ಟರ್. ರೇಬೀಸ್ ಲಸಿಕೆಗೆ 0, 3, 7, 28ನೇ ದಿನ ಆಸ್ಪತ್ರೆಗೆ ಬರಬೇಕು. ಪ್ರತಿ ಸಲವೂ ಈ ಮನುಷ್ಯ ನಡುಗುವ ಕೈ ಚಾಚಿ, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದರಂತೆ. ಕೊನೆಯ ಡೋಸ್ ಮಂಗಳವಾರ ಬಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ನಮ್ಮ ಮನೋಚೈತನ್ಯ ಕ್ಲಿನಿಕ್, ಅಂದರೆ ಮಾನಸಿಕ ಆರೋಗ್ಯದ ಕ್ಲಿನಿಕ್, ನಡೆಯುವ ದಿನ. ಸಿಸ್ಟರ್ ಸುಮ್ನೆ ಬಿಡಲಿಲ್ಲ, ಪಕ್ಕದ ಕೋಣೆಗೆ ಕರೆದುಕೊಂಡೇ ಬಂದರು.

ವಯಸ್ಸು 46. ಖಾಸಗಿ ಬಸ್ಸಿನ ಡ್ರೈವರ್. ಮೂರು ವರ್ಷದ ಹಿಂದೆ ಒಂದು ತಿರುವಿನಲ್ಲಿ ಎದುರಿಗೆ ಬಂದ ಬೈಕು ಬಸ್ಸಿನ ಅಡಿಗೆ ಸಿಕ್ಕಿತು. ಹುಡುಗ ಉಳಿಯಲಿಲ್ಲ. ಇವರ ತಪ್ಪಿಲ್ಲ ಅಂತ ಕೋರ್ಟಿನಲ್ಲಿ ಖುಲಾಸೆಯೂ ಆಯಿತು. ಆದರೆ ಇವರ ತಲೆಯೊಳಗೆ ಕೇಸು ಮುಗಿದಿರಲಿಲ್ಲ. ರಾತ್ರಿ ಮೂರಕ್ಕೆ ಬ್ರೇಕ್ ಸದ್ದು ಕೇಳಿ ಎದ್ದು ಕೂರುವುದು, ಹಗಲೆಲ್ಲ ಬಾಗಿಲು ಹಾಕಿಕೊಂಡು ಮಲಗುವುದು, ಸಂಜೆಯಾದರೆ ಕುಡಿತ. ಸ್ಟೇರಿಂಗ್ ಮುಟ್ಟಿಲ್ಲ.

“ಬದುಕೋದು ಬೇಡ ಅನಿಸುತ್ತಾ?” ಅಂತ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. “ಅನಿಸ್ತಿತ್ತು. ಈಗ ಒಂದು ತಿಂಗಳಿಂದ ಕಮ್ಮಿ” ಅಂದರು. ಒಂದು ತಿಂಗಳ ಹಿಂದೆ ಏನಾಯಿತು? ನಾಯಿ ಕಚ್ಚಿತು.

ರಸ್ತೆ ಬದಿಯ ಚರಂಡಿಯಲ್ಲಿ ಯಾವುದೋ ಗಾಡಿ ಹೊಡೆದು ಹೋದ ಹೆಣ್ಣುನಾಯಿ ಬಿದ್ದಿತ್ತು. ಇವರು ಗೋಣಿಚೀಲದಲ್ಲಿ ಎತ್ತಲು ಹೋದಾಗ ಮುಂಗೈಗೆ ಬಾಯಿ ಹಾಕಿತು. ನೋವಿಗೆ ಕಚ್ಚುವುದು ಸಹಜ. ಸೋಪು ಹಚ್ಚಿ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದುಕೊಂಡರಂತೆ, ಒಳ್ಳೆಯದೇ ಮಾಡಿದರು. ಆಮೇಲೆ ಅದೇ ಚೀಲದಲ್ಲಿ ಪಶು ಆಸ್ಪತ್ರೆಗೆ ಒಯ್ದರು. ಹಿಂದಿನ ಒಂದು ಕಾಲು ತೆಗೆಯಬೇಕಾಯಿತು.

“ಹೆಸರೇನಿಟ್ರಿ?”

“ಕ್ಲೀನರ್. ಡ್ರೈವರ್ ಅಂದ್ಮೇಲೆ ಕ್ಲೀನರ್ ಬೇಕಲ್ವಾ ಮೇಡಂ.” ಮೂರು ವರ್ಷದಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು ಅಂತ ಆಮೇಲೆ ಅವರ ಹೆಂಡತಿ ಹೇಳಿದರು.

ಮೊದಲ ವಾರ ಕ್ಲೀನರ್ ಯಾರಾದರೂ ನೋಡುತ್ತಿದ್ದರೆ ತಿನ್ನುತ್ತಿರಲಿಲ್ಲ. ಇವರು ಸ್ಟೀಲ್ ತಟ್ಟೆಯಲ್ಲಿ ಅನ್ನ, ಮೊಟ್ಟೆ ಕಲಸಿಟ್ಟು ಗೋಡೆ ಕಡೆ ತಿರುಗಿ ಕೂರುತ್ತಿದ್ದರು. ತಟ್ಟೆ ನೆಲಕ್ಕೆ ತಾಗಿ ಕಿರ್ ಅಂದರೆ, ಓ ತಿನ್ನುತ್ತಿದೆ ಅಂತ ಲೆಕ್ಕ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಸಂಜೆ ಏಳು ಅಂದರೆ ಬಾಟಲಿ ತೆಗೆಯುವ ಹೊತ್ತು. ಬಾಯಿ ವಾಸನೆ ಬಂದರೆ ಅದು ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಹಾಗಾಗಿ ಕುಡಿತ ಒಂಬತ್ತಕ್ಕೆ ಹೋಯಿತು, ಆಮೇಲೆ ಕೆಲವು ದಿನ ಇಲ್ಲವೇ ಇಲ್ಲ. ಇಷ್ಟು ಕೆಲಸವನ್ನು ನಾನು ಮಾಡಿಸಬೇಕಾದರೆ ಎರಡು ತಿಂಗಳು ಬೇಕಿತ್ತು!

ಎರಡನೆಯ ಭೇಟಿಯಲ್ಲಿ ಅವರೇ ಮಾತು ತೆಗೆದರು. “ಬೈಕ್ ಸದ್ದು ಕೇಳಿದ್ರೆ ಮಂಚದಡಿ ಹೋಗಿ ಉಚ್ಚೆ ಹೊಯ್ಕೊಳ್ಳುತ್ತೆ. ಹೆಂಡ್ತಿ ಬೈತಾಳೆ. ಅದರ ತಪ್ಪಿಲ್ಲ ಅಲ್ವಾ, ಮೇಡಂ? ಮೈಯಲ್ಲಿ ಕೂತ್ಬಿಟ್ಟಿದೆ.”

‘ಹಾಗಾದ್ರೆ ನಿಮ್ಮದು?’ ಅನ್ನುವುದು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಟವೆಲ್‌ನಿಂದ ಮುಖ ಮುಚ್ಚಿಕೊಂಡರು.

ಕೊಟ್ಟ ಸಲಹೆ ಹೀಗಿತ್ತು. ಮನೋವೈದ್ಯರು ಬರೆದ ಮಾತ್ರೆಯನ್ನು ನಾಯಿ ಬಂತು ಅಂತ ಬಿಡಬಾರದು. ಕುಡಿತ ಕಮ್ಮಿ ಮಾಡುವುದನ್ನು ಡಾಕ್ಟರಿಗೆ ಹೇಳಿಯೇ ಮಾಡಬೇಕು. ರೂಢಿ ಇದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕ್ಲೀನರ್ ಜೊತೆ ದಿನಾ ನಡೆಯಬೇಕು, ಮೊದಲ ವಾರ ಮನೆಯ ಬೀದಿ, ಆಮೇಲೆ ಮುಖ್ಯರಸ್ತೆಯ ಮೂಲೆ, ಇಬ್ಬರಿಗೂ ಎದೆ ಹೊಡೆತ ಇಳಿದ ಮೇಲೆ ಮಾತ್ರ ಮುಂದೆ. ಬಸ್‌ಸ್ಟ್ಯಾಂಡ್ ಕೊನೆಗೆ. ನಾಯಿಗೆ ರೇಬೀಸ್ ಲಸಿಕೆ, ಸಂತಾನಹರಣ ಆಪರೇಷನ್ ಆಗಲೇಬೇಕು. ರಾತ್ರಿ ಮೂರರ ಹೊತ್ತಿಗೆ 14416, ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, 24 ಗಂಟೆಯೂ ಇರುತ್ತಾರೆ, ದುಡ್ಡಿಲ್ಲ.

ಮೂರನೆಯ ಭೇಟಿಯಲ್ಲಿ ಅವರು “ಇದು ಹೋದ್ರೆ ನಾನೂ ಹೋದೆ ಅಂತ್ಲೇ” ಅಂದಾಗ ನನಗೆ ಭಯವಾಯಿತು. ಬೇರೆಯವರಿಗೆ ಇದು ಪ್ರೀತಿಯ ಮಾತು, ನನಗೆ ಅಪಾಯದ ಮಾತು. ಒಂದೇ ದಾರಕ್ಕೆ ಇಡೀ ಮನುಷ್ಯ ಜೋತು ಬಿದ್ದಿದ್ದಾನೆ. ಅದಕ್ಕೇ ನಾನು ಯಾರಿಗೂ “ಒಂದು ನಾಯಿ ಸಾಕಿ, ಸರಿಹೋಗ್ತೀರಿ” ಅಂತ ಬರೆದುಕೊಡುವುದಿಲ್ಲ. ಅದು ಮಾತ್ರೆಯಲ್ಲ. ಅದಕ್ಕೂ ಕಾಯಿಲೆ ಬರುತ್ತದೆ, ವಯಸ್ಸಾಗುತ್ತದೆ.

ಅವತ್ತೇ ಹೆಂಡತಿಯನ್ನು ಒಳಗೆ ಕರೆದೆ. ಆಕೆಗೆ ಕೋಪ ಬೇರೆಯೇ ಇತ್ತು. “ಮೂರು ವರ್ಷ ನನ್ನ ಹತ್ರ ಎರಡು ಮಾತಾಡ್ಲಿಲ್ಲ ಮೇಡಂ. ಈಗ ಆ ನಾಯಿ ಹತ್ರ ಅರ್ಧರಾತ್ರೀಲಿ ಎಲ್ಲಾ ಹೇಳ್ತಾರೆ. ನಾನು ಗೋಡೆ ಆಚೆ ಮಲಗಿ ಕೇಳಿಸ್ಕೋತೀನಿ.”

ನ್ಯಾಯವಾದ ಕೋಪ. ಬೆಳಗಿನ ತಟ್ಟೆ ಇನ್ನು ಮೇಲೆ ಆಕೆ ಇಡಬೇಕು, ಸಂಜೆಯ ವಾಕಿಂಗಿಗೆ ಇಬ್ಬರೂ ಹೋಗಬೇಕು ಅಂತ ಹೇಳಿದೆ. ಮಾತಾಡಲೇಬೇಕು ಅಂತಿಲ್ಲ.

ಈಗ ಐದು ತಿಂಗಳು. ಬಸ್ ಓಡಿಸುತ್ತಿಲ್ಲ, ಓಡಿಸುತ್ತಾರೋ ಇಲ್ಲವೋ ನಾನು ಕೇಳುವುದೂ ಇಲ್ಲ. ಗ್ಯಾರೇಜಿನಲ್ಲಿ ಅರ್ಧ ದಿನ ಕೆಲಸ ಸಿಕ್ಕಿದೆ. ಹೋದ ಮಂಗಳವಾರ ಬಂದಾಗ ಕ್ಲೀನರ್ ಹೊರಗೆ ಬೆಂಚಿನಡಿ ಮಲಗಿತ್ತು, ಹಗ್ಗ ಆಕೆಯ ಕೈಯಲ್ಲಿತ್ತು.