ಸೂಪರ್‌ಚಾರ್ಜರ್ ಕಾರು ಬಿಸಿಯಾದ ಮೇಲೆ ಪಿಕಪ್ ಸಾಯುತ್ತಿದೆ: ಫ್ಯೂಯಲ್ ಪಂಪ್ ಬದಲಿಸಲೋ, ದೊಡ್ಡ ರೇಡಿಯೇಟರ್ ಹಾಕಿಸಲೋ?

ಎರಡೂ ಬ್ಯಾಡ್ರಿ. ಪಂಪಿಗೆ ಆರ್ಡರ್ ಕೊಟ್ಟಿದ್ದರೆ ಮೊದಲು ಫೋನ್ ಮಾಡಿ ನಿಲ್ಲಿಸಿ, ಆಮೇಲೆ ಮುಂದೆ ಓದಿ.

ಕಲಬುರಗಿ ಬಿಟ್ಟು ಕಮಲಾಪುರ ದಾಟುವ ಹೊತ್ತಿಗೆ ಎಳೆತ ಇಲ್ಲ, ಹಿಂದೆ ಪೆಟ್ರೋಲ್ ವಾಸನೆ, ಹುಮನಾಬಾದ್ ಪೇಟೆಯೊಳಗೆ ಸೂಜಿ ಅರ್ಧ ದಾಟುತ್ತದೆ, ಚಹಾ ಕುಡಿದು ಬಂದರೆ ಹತ್ತು ಸೆಕೆಂಡು ಸೆಲ್ಫ್ ಹೊಡೆಯಬೇಕು. ನೀವು ಬರೆದಿರುವ ಈ ನಾಲ್ಕೂ ನನ್ನ ಗಾಡಿಯಲ್ಲಿ ಇದೇ ಕ್ರಮದಲ್ಲಿ ಬಂದವು. ಹೈದರಾಬಾದಿನಿಂದ ತಂದ ಎರಡು ಸೀಟಿನ ಸೆಕೆಂಡ್ ಹ್ಯಾಂಡ್ ಗಾಡಿ, 1.8 ಲೀಟರ್, ನಾಲ್ಕು ಸಿಲಿಂಡರ್, ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್, 0.5 ಬಾರ್ ಬೂಸ್ಟ್ (ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚು ಒತ್ತಡ), ಆ ಗಾಳಿಯನ್ನು ತಣಿಸಲು ನೀರಿನಿಂದ ತಣಿಯುವ ಇಂಟರ್‌ಕೂಲರ್. ಕಂಪನಿಯ ಹೆಸರು ಬೇಡ, ತಪ್ಪು ಅವರದಲ್ಲ.

ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ನನ್ನ ವಾದ. ನೀವು ಇಂಧನದ್ದೊಂದು ರೋಗ, ಕೂಲಿಂಗಿನದ್ದೊಂದು ರೋಗ ಎಂದು ಬೇರೆ ಬೇರೆ ಎಣಿಸಿದ್ದೀರಿ. ಸೂಪರ್‌ಚಾರ್ಜರ್ ಗಾಡಿಯಲ್ಲಿ ಬಹಳ ಸಲ ಒಂದೇ ರೋಗ ಎರಡು ಕಡೆ ಕಾಣಿಸಿಕೊಳ್ಳುತ್ತದೆ.

ನನಗೂ ಮಿಸ್ತ್ರಿ ಹೇಳಿದ್ದು ಇದನ್ನೇ: "ಪಂಪ್ ಹೋಗ್ಯದ ಸರ್, ಬಿಸಿ ಆದ್ಮ್ಯಾಲ ಎಣ್ಣಿ ಎಳೀಲಿಕ್ಕತ್ತಿಲ್ಲ." ಪಂಪ್ ಬದಲಾಯಿತು, 38,000 ರೂಪಾಯಿ. ಮರುದಿನವೇ ಬಿಸಿ ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗತೊಡಗಿತು. ಅಲ್ಲೇ ಮೋಸ ಹೋದದ್ದು. ಒಂದು ಲಕ್ಷಣ ವಾಸಿಯಾಯಿತಲ್ಲ, ಉಳಿದವೂ ತಾನೇ ಹೋಗುತ್ತವೆ ಎಂದು ಎಲ್ಲರೂ ನಂಬಿದೆವು. ನಿಜವಾಗಿ ಆದದ್ದು ಇಷ್ಟು: ಹಳೆಯ ಪಂಪಿನೊಳಗಿನ ನಾನ್ ರಿಟರ್ನ್ ವಾಲ್ವ್ ಸೋರುತ್ತಿತ್ತು. ಎಂಜಿನ್ ಆರಿಸಿದ ಮೇಲೆ ಪೈಪಿನ ಒತ್ತಡ ಇಳಿದು, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಬಿಸಿ ರೇಲಿನಲ್ಲಿದ್ದ ಪೆಟ್ರೋಲ್ ಆವಿಯಾಗುತ್ತಿತ್ತು. ಹೊಸ ಪಂಪಿನ ಜೊತೆ ಹೊಸ ವಾಲ್ವ್ ಬಂತು, ಸ್ಟಾರ್ಟಿಂಗ್ ಸರಿಹೋಯಿತು. ಪಿಕಪ್ಪಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇದನ್ನು ಪುಕ್ಕಟೆ ಪರೀಕ್ಷಿಸಬಹುದು: ಬಿಸಿ ಗಾಡಿಯನ್ನು ಇಪ್ಪತ್ತು ನಿಮಿಷ ನಿಲ್ಲಿಸಿ, ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ ಎರಡು ಸೆಕೆಂಡು ಬಿಟ್ಟು ಆಫ್ ಮಾಡಿ. ಹೀಗೆ ಮೂರು ಸಲ. ನಾಲ್ಕನೇ ಸಲ ಸೆಲ್ಫ್ ಹೊಡೆದಾಗ ಥಟ್ಟನೆ ಹೊತ್ತಿಕೊಂಡರೆ ಒತ್ತಡ ನಿಲ್ಲುತ್ತಿಲ್ಲ ಎಂದು ಅರ್ಥ. ಸಾಮಾನ್ಯವಾಗಿ ಸೋರುವುದು ಒಂದೋ ಆ ವಾಲ್ವ್, ಇಲ್ಲವೇ ಇಂಜೆಕ್ಟರ್.

ಕಮಲಾಪುರದ ಹತ್ತಿರ ಪಿಕಪ್ ಮತ್ತೆ ಸತ್ತಿತು. ಆಗ ಒಂದು ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಓಡಿಸಿದೆ. ಮೊದಲೇ ಮಾಡಬೇಕಿತ್ತು. ಐದು ಅಂಕಿ ಸಾಕು: ಕೂಲಂಟ್ ತಾಪ, ಇಂಟರ್‌ಕೂಲರ್ ದಾಟಿದ ಗಾಳಿಯ ತಾಪ, ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದು), ಇಗ್ನಿಷನ್ ಅಡ್ವಾನ್ಸ್ (ಸ್ಪಾರ್ಕ್ ಎಷ್ಟು ಮುಂಚೆ ಹೊತ್ತುತ್ತದೆ ಎಂಬುದು), ಲ್ಯಾಂಬ್ಡಾ (ಗಾಳಿ-ಪೆಟ್ರೋಲಿನ ಹದ; 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಹೆಚ್ಚು). ಹತ್ತು ನಿಮಿಷ ಐಡಲ್, ಹದಿನೈದು ನಿಮಿಷ 80ರ ವೇಗ, ಆಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2,500ರಿಂದ 5,500 ಆರ್‌ಪಿಎಂವರೆಗೆ ಒಂದು ಸಲ ಪೂರ್ತಿ ಆಕ್ಸಿಲರೇಟರ್. ಬಂದ ಅಂಕಿಗಳು ಹೀಗಿದ್ದವು: ಲಾಂಗ್ ಟರ್ಮ್ ಟ್ರಿಮ್ +4, ಪೂರ್ತಿ ಒತ್ತಿದಾಗ ಕಂಪ್ಯೂಟರ್ ಕೇಳಿದ ಲ್ಯಾಂಬ್ಡಾ 0.80, ಸಿಕ್ಕಿದ್ದೂ 0.80, ಗಾಳಿಯ ತಾಪ 88 ಡಿಗ್ರಿ, 4,000 ಆರ್‌ಪಿಎಂನಲ್ಲಿ ತಂಪಿದ್ದಾಗ 16 ಡಿಗ್ರಿ ಇದ್ದ ಅಡ್ವಾನ್ಸ್ 6ಕ್ಕೆ ಇಳಿದಿತ್ತು.

ಇದನ್ನು ಬಿಡಿಸಿ ಓದಿ. ಪಂಪ್ ಸೋತಿದ್ದರೆ ಕೇಳಿದಷ್ಟು ಪೆಟ್ರೋಲ್ ಸಿಗದೆ ಲ್ಯಾಂಬ್ಡಾ 0.9, 1.0 ಎಂದು ಮೇಲೇರಬೇಕಿತ್ತು. ಏರಲಿಲ್ಲ. ಕಂಪ್ಯೂಟರ್ ತಾನಾಗಿಯೇ ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು, ಇಗ್ನಿಷನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. ಯಾಕೆಂದರೆ ಒಳಗೆ ಬರುವ ಗಾಳಿ ಕಾದಿತ್ತು. ಕಾದ ಗಾಳಿಯಲ್ಲಿ ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುವುದು) ಶುರುವಾಗುತ್ತದೆ, ಪಿಸ್ಟನ್ ಉಳಿಸಿಕೊಳ್ಳಲು ಕಂಪ್ಯೂಟರಿಗೆ ಗೊತ್ತಿರುವ ದಾರಿ ಇವೆರಡೇ. ಪೆಟ್ರೋಲ್ ವಾಸನೆ, ಸತ್ತ ಪಿಕಪ್, ಸೈಲೆನ್ಸರ್ ಬಾಯಿಯ ಮಸಿ ಮೂರೂ ಅದರಿಂದ ಬಂದವು.

ನಮ್ಮ ಕಡೆಯ ಮೇ ತಿಂಗಳ ಲೆಕ್ಕ ಹಾಕಿ ನೋಡಿ. ಹೊರಗೆ 42 ಡಿಗ್ರಿ. ಆ ಗಾಳಿಯನ್ನು 0.5 ಬಾರ್ ಹೆಚ್ಚಿಗೆ ಅದುಮಿದರೆ ಪುಸ್ತಕದ ಲೆಕ್ಕದಲ್ಲೇ 39 ಡಿಗ್ರಿ ಏರುತ್ತದೆ. ರೂಟ್ಸ್ ಬ್ಲೋವರ್ ಗಾಳಿಯನ್ನು ಹದವಾಗಿ ಅದುಮುವುದಿಲ್ಲ, ತಂದು ತಳ್ಳುತ್ತದೆ ಅಷ್ಟೇ, ದಕ್ಷತೆ ಶೇ. 60 ಎಂದು ಹಿಡಿದರೂ ಏರಿಕೆ 64 ಡಿಗ್ರಿ. ಅಂದರೆ ಬ್ಲೋವರಿನಿಂದ ಹೊರಬೀಳುವ ಗಾಳಿ 106 ಡಿಗ್ರಿ. ಇದನ್ನು ಅರುವತ್ತರ ಆಸುಪಾಸಿಗೆ ತರುವುದು ಇಂಟರ್‌ಕೂಲರಿನ ಕೆಲಸ. ನನ್ನದು 88ಕ್ಕೆ ಕೈಚೆಲ್ಲಿತ್ತು.

ಕೈಚೆಲ್ಲಿದ್ದಕ್ಕೆ ಕಾರಣ ಬೋರ್‌ವೆಲ್ ನೀರು. ತಪ್ಪು ನನ್ನದೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಇಂಥ ಗಾಡಿಯಲ್ಲಿ ನೀರಿನ ದಾರಿ ಎರಡಿರುತ್ತವೆ. ಒಂದು ಎಂಜಿನ್ನಿನದು, 90ರಿಂದ 105 ಡಿಗ್ರಿಯಲ್ಲಿ ಓಡುವುದು. ಇನ್ನೊಂದು ಇಂಟರ್‌ಕೂಲರಿನದು; ಅದಕ್ಕೆ ಸಣ್ಣ ಎಲೆಕ್ಟ್ರಿಕ್ ಪಂಪ್, ಮುಂದೆ ಪ್ರತ್ಯೇಕ ತೆಳು ರೇಡಿಯೇಟರ್. ನನ್ನ ಗಾಡಿಯಲ್ಲಿ ಎರಡಕ್ಕೂ ಬೇರೆ ಬೇರೆ ಡಬ್ಬಿ, ಬೇರೆ ಮುಚ್ಚಳ. ಮೊದಲ ಬೇಸಿಗೆಯಲ್ಲಿ ಮಟ್ಟ ಇಳಿದಾಗಲೆಲ್ಲ ಎರಡಕ್ಕೂ ನಲ್ಲಿ ನೀರು ಬಿತ್ತು. ಒಮ್ಮೆ ಗುಲಾಬಿ ಬಣ್ಣದ ಹಳೆಯ ಕೂಲಂಟ್ ಮೇಲೆ ಅಂಗಡಿಯಲ್ಲಿ ಸಿಕ್ಕ ಹಸಿರು ಕೂಲಂಟೂ ಒಂದು ಲೀಟರ್ ಬಿತ್ತು.

ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯ ನೆಲವೇ ಸುಣ್ಣದ ಕಲ್ಲು. ಈ ಭಾಗದ ಬೋರ್ ನೀರು ಎಂಥದು ಎಂದು ಗೀಸರಿನ ಕಾಯಿಲ್ ಬಿಚ್ಚಿದವರಿಗೆ ಹೇಳಬೇಕಿಲ್ಲ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದರೆ ಕಾರ್ಬೊನೇಟ್ ಆಗಿ ಗಟ್ಟಿ ಕೂರುತ್ತದೆ. ಕೂರುವುದು ಅತಿ ಬಿಸಿ ಇರುವ ಕಡೆಯೇ, ಅಂದರೆ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವಿನ ಸುತ್ತ. ಅಲ್ಯೂಮಿನಿಯಂ ಶಾಖ ಸಾಗಿಸುವ ಶಕ್ತಿಯಲ್ಲಿ ಈ ಪದರದ್ದು ನೂರರಲ್ಲಿ ಒಂದೆರಡು ಪಾಲು. ಒಂದು ಮಿಲಿಮೀಟರ್ ಕೂತರೆ ಸಾಕು, ನೀರು ತಂಪಾಗಿದ್ದೂ ಲೋಹ ಕಾಯುತ್ತದೆ.

ಇಂಟರ್‌ಕೂಲರ್ ದಾರಿಯಲ್ಲಿ ನಡೆದದ್ದು ಬೇರೆ. ಅಲ್ಲಿ ಅಷ್ಟು ಕಾವು ಇಲ್ಲ. ಆದರೆ ಕೂಲಂಟಿನಲ್ಲಿ ತುಕ್ಕು ತಡೆಯಲು ಹಾಕಿರುವ ಸಿಲಿಕೇಟ್, ಫಾಸ್ಫೇಟ್ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ತಳ ಹಿಡಿಯುತ್ತವೆ. ಒಂದಕ್ಕೊಂದು ಹೊಂದದ ಎರಡು ಕೂಲಂಟ್ ಬೆರೆತರೆ ಲೋಳೆಯಾಗುತ್ತದೆ. ಎಂಜಿನ್ ಜಾಕೆಟ್ಟಿನಂಥ ಅಗಲ ದಾರಿಯಲ್ಲಿ ಈ ಲೋಳೆ ಹೇಗೋ ಹರಿದೀತು. ಇಂಟರ್‌ಕೂಲರ್ ಕೋರಿನ ಒಂದೆರಡು ಮಿಲಿಮೀಟರ್ ಸಂದಿನಲ್ಲಿ ಹರಿಯುವುದಿಲ್ಲ. ಪಂಪಿನ ಗುಯ್‌ ಸದ್ದು ಕೇಳುತ್ತದೆ, ಡಬ್ಬಿ ತುಂಬಿರುತ್ತದೆ, ನೀರು ಮಾತ್ರ ಸುತ್ತುವುದಿಲ್ಲ. ರಿಟರ್ನ್ ಪೈಪ್ ಬಿಚ್ಚಿ ಬಕೆಟ್ಟಿಗೆ ಹಿಡಿದೆ. ನಿಮಿಷಕ್ಕೆ ಹತ್ತು ಲೀಟರಿನ ಹತ್ತಿರ ಬರಬೇಕಾದಲ್ಲಿ ಎರಡು ಲೀಟರೂ ಬರಲಿಲ್ಲ. ಕೋರ್ ಬಿಚ್ಚಿ, ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಅರ್ಧ ಗಂಟೆ ನೆನೆಸಿದಾಗ ಸುಣ್ಣದ ಪದರ ನೊರೆಯೆದ್ದು ಬಿಟ್ಟಿತು. ಲೋಳೆ ಬಿಡಲಿಲ್ಲ, ಸಿಲಿಕೇಟ್ ಜೆಲ್ ಆಮ್ಲಕ್ಕೆ ಜಗ್ಗುವುದಿಲ್ಲ. ಹೊಸ ಕೋರಿಗೆ 52,000. ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನು ಬ್ಯಾಟರಿ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆಂದು ನಿಮಗೇ ಗೊತ್ತು.

ಕೂಲಂಟಿನ ಬಣ್ಣ ನಂಬಬೇಡಿ. ಬಣ್ಣಕ್ಕೆ ಯಾವ ನಿಯಮವೂ ಇಲ್ಲ, ಕಂಪನಿಗೊಂದು ಬಣ್ಣ. ಕಾರಿನ ಕೈಪಿಡಿಯಲ್ಲಿರುವ ಸ್ಪೆಸಿಫಿಕೇಶನ್ ಸಂಖ್ಯೆ ಬಾಟಲಿಯ ಹಿಂದೆ ಇದೆಯೋ ನೋಡಿ. ಕಾನ್ಸಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು. ಗಟ್ಟಿ ಹಾಕಿದಷ್ಟೂ ತಂಪು ಅನ್ನುವುದು ಸುಳ್ಳು. ಗ್ಲೈಕಾಲ್ ನೀರಿಗಿಂತ ಕಡಿಮೆ ಶಾಖ ಹೊರುತ್ತದೆ, ಶೇ. 60 ದಾಟಿಸಿದರೆ ನಷ್ಟವೇ.

ಈಗ ನಿಮ್ಮ ಗಾಡಿಗೆ ಬರೋಣ. ಬೆಳಿಗ್ಗೆ ತಣ್ಣಗಿರುವಾಗ ಕೀ ಆನ್ ಮಾಡಿ, ಕೂಲಂಟ್ ತಾಪ, ಗಾಳಿ ತಾಪ, ಹೊರಗಿನ ತಾಪ ಮೂರೂ ಎರಡು ಮೂರು ಡಿಗ್ರಿಯೊಳಗೆ ಒಂದೇ ಇರಬೇಕು. ಇಲ್ಲದಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಮೊದಲು ಅದನ್ನು ಬದಲಿಸಿ. ಆಮೇಲೆ ಮೇಲೆ ಹೇಳಿದ ಓಟ. 80ರ ವೇಗದಲ್ಲಿ ಗಾಳಿಯ ತಾಪ ಹೊರಗಿನದಕ್ಕಿಂತ 15-20 ಹೆಚ್ಚಿದ್ದರೆ ಚಿಂತೆಯಿಲ್ಲ, 40 ಹೆಚ್ಚಿದ್ದರೆ ಇಂಟರ್‌ಕೂಲರ್ ಕಡೆ ಹೋಗಿ: ಫ್ಯೂಸ್, ಪಂಪಿನ ಪ್ಲಗ್ಗಿನಲ್ಲಿ 12 ವೋಲ್ಟ್, ಬಕೆಟ್ ಪರೀಕ್ಷೆ. ಇವುಗಳ ನಂತರವೇ ಪಾರ್ಟ್ಸ್ ಮಾತು.

ಟ್ರಿಮ್ ಓದುವ ಬಗೆ ಇದು. ಐಡಲ್‌ನಲ್ಲಿ +15, +20 ಇದ್ದು ಆರ್‌ಪಿಎಂ ಏರಿದಂತೆ ಇಳಿದರೆ ಎಲ್ಲೋ ಗಾಳಿ ಸೋರಿಕೆ. ಇನ್ಟೇಕ್ ಮ್ಯಾನಿಫೋಲ್ಡ್ ಕೆಳಗಿನ ಬ್ರೀದರ್ ಪೈಪ್ ಹರಿದಿದೆಯೇ ನೋಡಿ. ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಆಗ ಫಿಲ್ಟರ್, ಪಂಪ್. +6, +8ಕ್ಕೆ ಹೆದರಬೇಡಿ, ಅದು ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಕೊಡುಗೆ. ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.6 ಸಾಕು, ಹಾಗಾಗಿ ಅಷ್ಟೇ ಗಾಳಿಗೆ ಶೇ. 8ರಷ್ಟು ಹೆಚ್ಚು ಇಂಧನ ಬೇಕು. ಎಥನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನೂ ಸಡಿಲಿಸುತ್ತದೆ, ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು ಎಂದು ನೆನಪಿಲ್ಲದಿದ್ದರೆ ಅದನ್ನು ಬದಲಿಸಿ. ಹಳೆಯ ರಬ್ಬರ್ ಪೈಪ್ ಒತ್ತಿ ನೋಡಿ, ಮೆತ್ತಗಾಗಿದ್ದರೆ ಎಥನಾಲ್ ತಡೆಯುವ ಪೈಪನ್ನೇ ಹಾಕಿಸಿ.

ಪಂಪಿನ ಮೇಲೆ ಇನ್ನೂ ಅನುಮಾನವಿದ್ದರೆ ಬಿಚ್ಚುವ ಮೊದಲು ಅಳೆಯಿರಿ. 160 ಎಚ್‌ಪಿ ಸೂಪರ್‌ಚಾರ್ಜ್ ಎಂಜಿನ್ ಪೂರ್ತಿ ಲೋಡಿನಲ್ಲಿ ಗಂಟೆಗೆ 43 ಕಿಲೋ ಆಸುಪಾಸು ಪೆಟ್ರೋಲ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್. ರೇಲಿನ ಒತ್ತಡ ಕೈಪಿಡಿಯಲ್ಲಿ ಹೇಳಿದಷ್ಟಿದ್ದು, ಪಂಪ್ ಅರ್ಧ ನಿಮಿಷಕ್ಕೆ 700 ಮಿ.ಲೀ. ಕೊಟ್ಟರೆ ಅದನ್ನು ಮುಟ್ಟಬೇಡಿ. ಈ ಪರೀಕ್ಷೆ ತಣ್ಣನೆಯ ಎಂಜಿನ್ ಮೇಲೆ, ಬಯಲಿನಲ್ಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೇ ಮಾಡಬೇಕು. ಎಂಜಿನ್ ಓಡುತ್ತಿರುವಾಗ ಪಂಪಿನ ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿ: ಬ್ಯಾಟರಿಯಲ್ಲಿ 13.8 ಇದ್ದು ಅಲ್ಲಿ 13.3ಕ್ಕಿಂತ ಕಡಿಮೆ ಬಂದರೆ ತಪ್ಪು ರಿಲೇಯದು ಅಥವಾ ಅರ್ಥ್ ವೈರಿನದು. ಬೇಸಿಗೆಯಲ್ಲಿ ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಸಬೇಡಿ, ಪಂಪ್ ತಣಿಯುವುದು ಆ ಪೆಟ್ರೋಲಿನಲ್ಲೇ.

ದೊಡ್ಡ ರೇಡಿಯೇಟರ್ ವಿಚಾರ ಒಂದೇ ಮಾತಿನಲ್ಲಿ: ಕಂಪನಿಯ ರೇಡಿಯೇಟರ್ ಸ್ವಚ್ಛವಾಗಿದ್ದರೆ ನಮ್ಮ ಬಿಸಿಲಿಗೂ ಸಾಕು. ನಿಂತಾಗ ಸೂಜಿ ಏರಿ ಓಡಿದಾಗ ಇಳಿದರೆ ಫ್ಯಾನ್ ನೋಡಿ, ಎ.ಸಿ. ಹಾಕಿದಾಗ ಕಡಿಮೆ ವೇಗದಲ್ಲಿ ತಿರುಗಲೇಬೇಕು, ಎಷ್ಟೋ ಗಾಡಿಗಳಲ್ಲಿ ಹೈ ಸ್ಪೀಡ್ ಮಾತ್ರ ಉಳಿದಿರುತ್ತದೆ. ಓಡಿದಷ್ಟೂ ಏರಿದರೆ ಒಳಗೆ ಕಟ್ಟಿದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೇ ನಿಮಿಷಕ್ಕೆ ಮೇಲಿನ ಪೈಪ್ ಕಲ್ಲಿನಂತೆ ಬಿಗಿದರೆ ಹೆಡ್ ಗ್ಯಾಸ್ಕೆಟ್, ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಇನ್ನೊಂದು ನಮ್ಮೂರಿನದೇ ಕಾಯಿಲೆ: ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು, ಧೂಳು ಹೋಗಿ ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಂಬಳಿಯಂತೆ ಕೂರುತ್ತದೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಬಂಪರ್ ಬಿಚ್ಚಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ ಮೆತ್ತಗೆ ನೀರು ಬಿಡಿ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಹಿಡಿದರೆ ಫಿನ್ನುಗಳು ಮಡಚಿಕೊಂಡು ದಾರಿಯೇ ಮುಚ್ಚುತ್ತದೆ.

ಇಂಟರ್‌ಕೂಲರ್ ದಾರಿ ಬಿಚ್ಚಿದಿರಾದರೆ ಮತ್ತೆ ತುಂಬುವಾಗ ಗಾಳಿ ಉಳಿಯದಂತೆ ನೋಡಿಕೊಳ್ಳಿ. ಡಬ್ಬಿಗೆ ಸುರಿದು ಮುಚ್ಚಳ ಹಾಕಿದರೆ ಅದು ತುಂಬುವುದಿಲ್ಲ. ಮುಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಏರಿಸಿ, ಎಂಜಿನ್ ಆರಿಸಿಯೇ ಸಣ್ಣ ಪಂಪನ್ನು ರಿಲೇ ಜಾಗದಿಂದ ನೇರ ಕರೆಂಟ್ ಕೊಟ್ಟು ಹತ್ತು ನಿಮಿಷ ಓಡಿಸಿ. ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಪೈಪ್‌ಗಳನ್ನು ಕೈಯಲ್ಲಿ ಹಿಂಡುತ್ತಾ, ಗುಳ್ಳೆ ನಿಲ್ಲುವವರೆಗೆ ಡಬ್ಬಿ ತುಂಬುತ್ತಿರಿ. ನನ್ನದಕ್ಕೆ ಮೂರು ಸಲ ಬೇಕಾಯಿತು. ಎರಡನೇ ಸಲಕ್ಕೆ ತಾಪ ಇನ್ನೂ 74ರಲ್ಲಿತ್ತು, ಮೂರನೇ ಸಲ 61ಕ್ಕೆ ಬಂದು ನಿಂತಿತು, ಅಡ್ವಾನ್ಸ್ ಮತ್ತೆ 15ಕ್ಕೆ ಏರಿತು.

ಓಡಿಸಿ ಬಂದು ಐದು ಅಂಕಿಗಳನ್ನೂ ಇಲ್ಲೇ ಕೆಳಗೆ ಬರೆಯಿರಿ, ಜೊತೆಗೆ ಡಬ್ಬಿಯ ನೀರಿನ ಒಂದು ಫೋಟೋ. ನೀರು ಕೆನೆ ಕಟ್ಟಿದಂತಿದ್ದರೆ ಅಂಕಿಗೂ ಕಾಯಬೇಡಿ, ಕೋರ್ ಬಿಚ್ಚಿಸಿ.