ಮುಂಬೈಯಲ್ಲಿ ಸಿಗುವ ಟಾಕಳಾ ನಮ್ಮ ಚಗಟೆ ಸೊಪ್ಪೇ ಅಲ್ವಾ? ಗಜಕರ್ಣಕ್ಕೆ ಅರೆದು ಹಚ್ಚಬಹುದೇ?

ಅದೇ. ಮರಾಠಿಗರ ಟಾಕಳಾ, ಗೋವಾದವರ ತಾಯ್ಕಿಳೊ, ತುಳುವರ ತಜಂಕ್ ಎಲ್ಲ ನಮ್ಮ ಚಗಟೆಯೇ. ಆದರೆ ಹಚ್ಚುವ ಮಾತು ಓದಿದ ಕೂಡಲೇ ನನ್ನ ಎಡಗೈ ನೋಡಿಕೊಂಡೆ.

ಮುಂಬೈಯ ಬೊರಿವಲಿಗೆ ಬಂದ ಎರಡನೇ ಮಳೆಗಾಲ. ಒಣಗದ ಅಂಗಿ, ಲೋಕಲ್‌ನ ನೂಕುನುಗ್ಗಲು. ಮೊಣಕೈ ಕೆಳಗೆ ಕೆಂಪು ಉಂಗುರ ಎದ್ದಿತು. ಊರಿಗೆ ಫೋನ್ ಮಾಡಿದರೆ ಅಜ್ಜಿ, "ಚಗಟೆ ಸೊಪ್ಪು ಮಜ್ಜಿಗೆಯಲ್ಲಿ ಅರೆದು ಹಚ್ಚು" ಅಂದರು. ಅದು ಅವರೇ ಹುಟ್ಟಿಸಿದ ಮದ್ದಲ್ಲ. ಆಯುರ್ವೇದದಲ್ಲಿ ಈ ಗಿಡಕ್ಕೆ ದದ್ರುಘ್ನ ಅಂತಲೇ ಹೆಸರಿದೆ. ದದ್ರು ಅಂದರೆ ಗಜಕರ್ಣ.

ರೂಮಿನಲ್ಲಿ ಮಜ್ಜಿಗೆ ಇರಲಿಲ್ಲ, ಲಿಂಬೆ ಇತ್ತು. ಹುಳಿ ತಾನೇ, ಯಾವುದಾದರೇನು ಅಂದುಕೊಂಡೆ. ಇಡೀ ಹಣ್ಣು ಹಿಂಡಿ, ಸಿಪ್ಪೆಯನ್ನೂ ತಿಕ್ಕಿ ಬಳಿದೆ. ರಸ ಮಣಿಕಟ್ಟಿನವರೆಗೆ ಇಳಿಯಿತು. ಭಾನುವಾರ, ಮಳೆ ಬಿಟ್ಟು ಬಿಸಿಲು ಬಂದಿತ್ತು. ಕೈ ತೊಳೆಯದೆ ಟೆರೇಸಿನಲ್ಲಿ ಬಟ್ಟೆ ಹರವಿ ಎರಡು ಗಂಟೆ ಕೂತೆ. ಆ ದಿನ ಏನೂ ಆಗಲಿಲ್ಲ. ಎರಡನೇ ದಿನ, ಕುದಿಯುವ ಎಣ್ಣೆ ಸುರಿದ ಹಾಗೆ ಬೊಬ್ಬೆ ಎದ್ದಿತು! ರಸ ಇಳಿದ ದಾರಿಯಲ್ಲೇ, ಗೆರೆ ಎಳೆದ ಹಾಗೆ. ಚರ್ಮದ ಡಾಕ್ಟರ್ ಮೊದಲು ಕೇಳಿದ್ದೇ, "ಲಿಂಬೆ ಮುಟ್ಟಿದ್ದಿರಾ?" ಲಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ ಇರುವ ಒಂದು ಅಂಶಕ್ಕೆ ಬಿಸಿಲು ತಾಗಿದರೆ ಚರ್ಮ ಸುಡುತ್ತದಂತೆ. ಸೋಪು ಹಾಕಿ ತೊಳೆದು ಬಿಸಿಲಿಗೆ ಹೋಗಿದ್ದರೆ ಇದ್ಯಾವುದೂ ಇಲ್ಲ. ಬೊಬ್ಬೆ ಮಾಯುವವರೆಗೆ ಗಜಕರ್ಣದ ಮುಲಾಮು ಹಚ್ಚುವ ಹಾಗಿಲ್ಲ, ಅಷ್ಟರಲ್ಲಿ ಉಂಗುರ ಮೂರಾಯಿತು. ಒಂದೇ ಟವೆಲ್ ಬಳಸುತ್ತಿದ್ದ ರೂಮ್‌ಮೇಟ್‌ಗೂ ಅಂಟಿತು. ಕಪ್ಪು ಗೆರೆ ಐದು ತಿಂಗಳು ಉಳಿಯಿತು. ಅರ್ಧ ತೋಳಿನ ಅಂಗಿ ಹಾಕುವುದನ್ನೇ ಬಿಟ್ಟಿದ್ದೆ.

ಹಾಗಾಗಿ ಹಚ್ಚಬಹುದೇ ಅಂತ ಕೇಳಲೇಬೇಡಿ, ಹೇಗೆ ತಿನ್ನೋದು ಅಂತ ಕೇಳಿ. ಗಜಕರ್ಣ ಶಿಲೀಂಧ್ರದ ಕಾಟ, ಡಾಕ್ಟರಿಗೆ ತೋರಿಸಿ. ಮೆಡಿಕಲ್‌ನವರು ಸುಮ್ನೆ ಎತ್ತಿ ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮ್ ಇನ್ನೂ ಕೆಟ್ಟದ್ದು. ಮಾಯವಾದ ಹಾಗೆ ಕಂಡು ಹರಡಿಕೊಂಡು ಬರುತ್ತದೆ.

ಸ್ಟೇಷನ್ ಹೊರಗೆ ರಾನ್‌ಭಾಜಿ, ಅಂದರೆ ಕಾಡುಸೊಪ್ಪು ಮಾರುವ ಆದಿವಾಸಿ ಹೆಂಗಸರ ಹತ್ತಿರ ಜೂನ್, ಜುಲೈಯಲ್ಲೇ ಕೊಳ್ಳಿ. ಹಳದಿ ಹೂ ಬಿಟ್ಟ ಮೇಲೆ ಸೊಪ್ಪು ಒರಟು, ಕಹಿ. ಜಾಸ್ತಿ ತಿಂದರೆ ಹೊಟ್ಟೆ ಸಡಿಲ. ನೀವೇ ಕೀಳುವುದಾದರೆ ನೆಲಗಡಲೆ ಎಲೆಯಂಥದ್ದನ್ನು ನೋಡಿ: ಸಾಮಾನ್ಯವಾಗಿ ಮೂರು ಜೋಡಿ, ತುದಿ ದುಂಡಗೆ, ಸಂಜೆಯಾದರೆ ಮಡಚಿಕೊಳ್ಳುತ್ತದೆ. ನಾಲ್ಕೈದು ಜೋಡಿ ಚೂಪು ಎಲೆ ಇದ್ದರೆ ಅದು ಕಾಸವಿಂದಾ ಅನ್ನುವ ಬೇರೆ ಗಿಡ, ಬಿಟ್ಟುಬಿಡಿ. ಅದರ ಬೀಜ ತಿಂದು ಉತ್ತರ ಪ್ರದೇಶದಲ್ಲಿ ಮಕ್ಕಳು ಸತ್ತಿದ್ದಾರೆ.

ಇಲ್ಲಿಯವರು ಪಲ್ಯಕ್ಕೆ ಬೆಳ್ಳುಳ್ಳಿ, ಹೆಸರುಬೇಳೆ ಹಾಕುತ್ತಾರೆ. ನನಗೆ ಹಲಸಿನ ಬೀಜ, ತೆಂಗಿನತುರಿ ಇಲ್ಲದೆ ಆಗುವುದಿಲ್ಲ. ಬೀಜ ಜಜ್ಜಿ ಮೊದಲೇ ಬೇಯಿಸಿಕೊಳ್ಳಿ. ಮತ್ತೆ, ಎರಡು ಕಟ್ಟು ಸೊಪ್ಪು ಬೆಂದರೆ ಒಂದು ಮುಷ್ಟಿ ಆಗುತ್ತದೆ, ನಾಲ್ಕು ತಗೊಳ್ಳಿ.